ಫ್ರಾಂಕ್ ರೂಲ್ ಹೀಬ್ರೂ ಪುಸ್ತಕಗಳನ್ನು ಇನ್ನೂ ಯಾಕೆ ಬಿಟ್ಟಿಲ್ಲ?

ಅಕ್ಷರಪ್ರಿಯ
ಗೆಳೆಯರೇ, ಕೆಲವು ದಿನಗಳಿಂದ ಹೀಬ್ರೂ ಮುದ್ರಣದ ಇತಿಹಾಸ ಓದುತ್ತಿದ್ದೇನೆ. ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಇಸ್ರೇಲ್‌ನಲ್ಲಿ ಅಚ್ಚಾದ ಕಾದಂಬರಿ ತೆಗೆಯಿರಿ, ಕವನ ಸಂಕಲನ ತೆಗೆಯಿರಿ, ಫ್ರಾಂಕ್ ರೂಲ್ ಎಂಬ ಅಕ್ಷರಶೈಲಿಯೋ (ಫಾಂಟೋ) ಅದರ ಹತ್ತಿರದ ನೆಂಟನೋ ಕಣ್ಣಿಗೆ ಬೀಳುತ್ತದೆ. ಅದು ಹುಟ್ಟಿದ್ದು ಇಸ್ರೇಲ್ ದೇಶ ಹುಟ್ಟುವ ನಲವತ್ತು ವರ್ಷ ಮೊದಲು, 1908ರಲ್ಲಿ, ಜರ್ಮನಿಯ ಲೈಪ್ಜಿಗ್‌ನಲ್ಲಿ. ಬರೆದವರು ರಫಾಯೆಲ್ ಫ್ರಾಂಕ್, ಸಿನಗಾಗ್‌ನಲ್ಲಿ ಅಂದರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದವರು. ಮೊಳೆ ಎರಕ ಹೊಯ್ದದ್ದು ಸಿ. ಎಫ್. ರೂಲ್ ಫೌಂಡ್ರಿ. ಇಬ್ಬರ ಹೆಸರೂ ಸೇರಿ ಅಕ್ಷರದ ಹೆಸರಾಯಿತು.

ನನ್ನ ತಕರಾರು ಇದು. ಹೀಬ್ರೂಗೆ ಇರುವುದು 22 ಅಕ್ಷರ. ಅದರಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ. ಇಂಗ್ಲಿಷಿನ ಹಾಗೆ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಸಾಲಿನಿಂದ ಮೇಲಕ್ಕೆ ತಲೆ ಎತ್ತುವುದು ಲಾಮೆದ್ ಒಂದೇ. ಉಳಿದವು ಹೆಚ್ಚುಕಡಿಮೆ ಒಂದೇ ಚೌಕದಲ್ಲಿ ಕೂತಿರುತ್ತವೆ. ಇಂಥ ಲಿಪಿಯಲ್ಲಿ ಬೆತ್ ಮತ್ತು ಕಾಫ್, ದಾಲೆತ್ ಮತ್ತು ರೇಶ್, ಹೇ ಮತ್ತು ಹೆತ್ ಬೇರೆ ಬೇರೆ ಅಂತ ತಟ್ಟನೆ ಗೊತ್ತಾಗಬೇಕಾದದ್ದು ಅಕ್ಷರ ಬರೆದವರ ಮೊದಲ ಕೆಲಸ ಅಲ್ವಾ? ಫ್ರಾಂಕ್ ರೂಲ್ ಪುಟದ ಅಂದಕ್ಕೆ ಬೆಲೆ ಕೊಟ್ಟು ಈ ಕೆಲಸ ಬಿಟ್ಟಿದೆ ಅನ್ನಿಸುತ್ತದೆ. 1962ರಲ್ಲಿ ಜೆರುಸಲೇಂನಲ್ಲಿ ಬಂದ ಕೋರೆನ್ ಬೈಬಲ್ ಪುಟವನ್ನು, ಅಂದರೆ ಕೋರೆನ್ ಎಂಬುವವರು ತಾವೇ ಬರೆದ ಅಕ್ಷರದಲ್ಲಿ ತಂದದ್ದನ್ನು, ಪಕ್ಕಕ್ಕಿಟ್ಟು ನೋಡಿ, ವ್ಯತ್ಯಾಸ ಕಾಣುತ್ತದೆ. ನಿಮಗೇನು ಅನ್ನಿಸುತ್ತದೆ?

ಮೊಳೆಜೋಡಣೆ
ನಿಮ್ಮ ಮಾತು ಒಪ್ಪಲಾರೆ. ಫ್ರಾಂಕ್ ರೂಲ್ ಬರುವ ಮೊದಲು ಏನಿತ್ತು ನೋಡಿ ಹೇಳಿ.

19ನೇ ಶತಮಾನದ ಹೀಬ್ರೂ ಮೊಳೆಗಳನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಯುರೋಪಿನಲ್ಲಿ ಆಗ ಬೊಡೋನಿ ಎಂಬ ಅಕ್ಷರ ಮಾದರಿಯ ಹುಚ್ಚು. ದಪ್ಪ ಗೆರೆ ತೀರಾ ದಪ್ಪ, ಸಣ್ಣ ಗೆರೆ ಕೂದಲೆಳೆ. ಇಂಗ್ಲಿಷಿನಲ್ಲಿ ದಪ್ಪ ಇರುವುದು ನಿಂತ ಗೆರೆ. ಹೀಬ್ರೂನಲ್ಲಿ ಉಲ್ಟಾ, ಮಲಗಿದ ಗೆರೆ ದಪ್ಪ, ನಿಂತ ಗೆರೆ ತೆಳು. ಆ ಫ್ಯಾಷನ್ ಹೀಬ್ರೂಗೆ ಹತ್ತಿದಾಗ ನಿಂತ ಗೆರೆ ಕಾಗದದ ಮೇಲೆ ಮಾಯವಾಯಿತು. ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕಪ್ಪು ಪಟ್ಟಿ, ಅಷ್ಟೇ ಉಳಿದದ್ದು. ಸವೆದ ಮೊಳೆಯಲ್ಲಿ ಹೇ ಯಾವುದು ಹೆತ್ ಯಾವುದು ಅಂತ ದೇವರೇ ಹೇಳಬೇಕು, ಯಾಕೆಂದರೆ ಎರಡಕ್ಕೂ ಇರುವ ವ್ಯತ್ಯಾಸ ಎಡಗಾಲು ಮೇಲಿನ ಪಟ್ಟಿಗೆ ತಾಗಿದೆಯೋ ಇಲ್ಲವೋ ಅನ್ನುವುದು ಮಾತ್ರ.

ಫ್ರಾಂಕ್ ಮಾಡಿದ್ದು ಆ ತೆಳು ಗೆರೆಗೆ ಮೈ ತುಂಬಿಸಿದ ಕೆಲಸ. ಮೂಲೆಗಳನ್ನು ಮೆದು ಮಾಡಿದರು. ಆ ಕಾಲದ ಯುಗೆಂಟ್‌ಸ್ಟೀಲ್ ಎಂಬ ಜರ್ಮನ್ ಅಲಂಕಾರ ಶೈಲಿಯ ಗಾಳಿ ಅದರಲ್ಲಿ ಇದೆ ನಿಜ, ಆದರೆ ಹದ ಮೀರಿಲ್ಲ. ಓದಲು ಸುಲಭವಾದ ಮೇಲೆಯೇ ಜನ ಅದನ್ನು ಹಿಡಿದದ್ದು. ಸುಮ್ನೆ ನೂರು ವರ್ಷ ಯಾವುದೂ ಬದುಕುವುದಿಲ್ಲ.

ರೇಖಾ_ಬರಹ
ಇಬ್ಬರೂ ಮೊಳೆಯಿಂದ ಶುರು ಮಾಡಿದ್ದೀರಿ. ಇದು ಲೇಖನಿಯಿಂದ ಶುರುವಾಗಬೇಕು.

ಯಹೂದಿ ಲಿಪಿಕಾರರಲ್ಲಿ ಎರಡು ದೊಡ್ಡ ಮನೆತನಗಳು. ಸ್ಪೇನ್ ಮತ್ತು ಪೂರ್ವದ ಕಡೆಯವರು ಲಾಳದ ಕಡ್ಡಿಯಿಂದ ಬರೆದರು. ಜರ್ಮನಿ, ಫ್ರಾನ್ಸ್ ಕಡೆಯವರು ಹಕ್ಕಿಯ ಗರಿಯಿಂದ. ಕಡ್ಡಿಯ ಗೆರೆ ಎಲ್ಲ ದಿಕ್ಕಿಗೂ ಬಹುಪಾಲು ಒಂದೇ ದಪ್ಪ. ಗರಿ ಬಾಗುತ್ತದೆ, ಆದ್ದರಿಂದ ದಪ್ಪ-ತೆಳು ಆಟ ಜಾಸ್ತಿ. ಮೊದಲ ಕಾಲದ ಒಳ್ಳೆಯ ಹೀಬ್ರೂ ಮೊಳೆಗಳು ಸ್ಪೇನಿನ ಕೈಬರಹದ ದಾರಿ ಹಿಡಿದವು. ಫ್ರಾನ್ಸಿನ ಗೀಯೋಮ್ ಲ ಬೆ 1540ರ ದಶಕದಲ್ಲಿ ವೆನಿಸ್‌ಗೆ ಹೋಗಿ ಕೊರೆದ ಅಕ್ಷರಗಳನ್ನು ನೋಡಿ. ಇವತ್ತಿಗೂ ಅಷ್ಟು ಗಟ್ಟಿಯಾದ ಅಲೆಫ್ ನಾನು ಕಂಡಿಲ್ಲ. ಮೂರೇ ಹೊಡೆತ, ಮಧ್ಯದ ಓರೆ ಗೆರೆ ತನ್ನ ಭಾರವನ್ನು ತಾನೇ ಹೊತ್ತು ನಿಂತಿದೆ. ಆಂಟ್ವರ್ಪ್‌ನ ಪ್ಲಾಂಟಿನ್ 1568ರಿಂದ 1573ರ ನಡುವೆ ಹಲವು ಭಾಷೆಗಳ ಬೈಬಲ್ ಅಚ್ಚು ಹಾಕಿದಾಗ ಹೀಬ್ರೂಗೆ ಲ ಬೆ ಕೆಲಸವನ್ನೇ ಬಳಸಿದ್ದು.

ಆ ದಾರಿ ಬಿಟ್ಟದ್ದೇ ಹೀಬ್ರೂ ಮುದ್ರಣದ ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ. ಫ್ರಾಂಕ್ ಅರ್ಧ ದಾರಿ ಮಾತ್ರ ವಾಪಸ್ ಬಂದರು.

ಕಾವೇರಿತೀರ
ಅಂದ ಹಾಗೆ ರಾಶಿ ಲಿಪಿ ಅಂತ ಇನ್ನೊಂದು ಇದೆಯಲ್ಲ, ರಾಶಿ ಎಂಬ ಪಂಡಿತರು ಬರೆಯುತ್ತಿದ್ದ ಶೈಲಿ. ಅದು ಯಾಕೆ ಪುಸ್ತಕಕ್ಕೆ ಬರಲಿಲ್ಲ?

ಮೊಳೆಜೋಡಣೆ
ಅದು ಬಂದದ್ದೇ ಪುಸ್ತಕದಿಂದ! ರಾಶಿ ಫ್ರಾನ್ಸಿನ ತ್ರ್ವಾ ಊರಿನವರು, ತೀರಿಕೊಂಡದ್ದು 1105ರಲ್ಲಿ. ಆ ಲಿಪಿಯಲ್ಲಿ ಅವರು ಒಂದು ಅಕ್ಷರವನ್ನೂ ಬರೆದವರಲ್ಲ. 1475ರಲ್ಲಿ ಇಟಲಿಯ ತುದಿಯ ರೆಜ್ಜೊ ಕಲಾಬ್ರಿಯದಲ್ಲಿ ಅಬ್ರಹಾಂ ಬೆನ್ ಗಾರ್ಟನ್ ಎಂಬುವವರು ತೋರಾಕ್ಕೆ (ಬೈಬಲ್‌ನ ಮೊದಲ ಐದು ಪುಸ್ತಕ) ರಾಶಿಯವರು ಬರೆದ ಟೀಕೆಯನ್ನು, ಅಂದರೆ ವಿವರಣೆಯನ್ನು, ಅಚ್ಚು ಹಾಕಿದರು. ತಾರೀಕು ನಮೂದಾದ ಹೀಬ್ರೂ ಮುದ್ರಿತ ಪುಸ್ತಕಗಳಲ್ಲಿ ಅದೇ ಮೊದಲನೆಯದು. ಸ್ಪೇನಿನ ಯಹೂದಿಗಳ ಅರೆ-ಕೂಡುಬರಹವನ್ನು ಮೊಳೆ ಮಾಡಿ ಜೋಡಿಸಿದ್ದರು. ಆಮೇಲೆ ಮೂಲಪಾಠಕ್ಕೆ ಚೌಕಾಕ್ಷರ, ಟೀಕೆಗೆ ಈ ಅಕ್ಷರ ಅಂತ ರೂಢಿಯಾಯಿತು. ರಾಶಿ ಟೀಕೆ ಯಾವಾಗಲೂ ಈ ಅಕ್ಷರದಲ್ಲಿ ಬರುತ್ತಿದ್ದುದರಿಂದ ಅಕ್ಷರಕ್ಕೂ ಅವರ ಹೆಸರೇ ಅಂಟಿತು.

ಪುಟವಿನ್ಯಾಸ_ಮೈಸೂರು
ಟೀಕೆಯ ಮಾತು ಬಂತು, ಹಾಗಾಗಿ ಹೇಳುತ್ತೇನೆ. ತಾಲ್ಮೂದ್ ಎಂಬ ಯಹೂದಿ ಶಾಸ್ತ್ರಗ್ರಂಥದ ಪುಟ ನೋಡದ ವಿನ್ಯಾಸಗಾರರು ಒಮ್ಮೆ ನೋಡಲೇಬೇಕು. ನಡುವೆ ಮೂಲ, ಬೆನ್ನಿನ ಕಡೆ ರಾಶಿ ಟೀಕೆ, ಹೊರಗಿನ ಕಡೆ ತೊಸಾಫೊತ್ ಎಂಬ ಇನ್ನೊಂದು ಟೀಕೆ, ಅಂಚಿನಲ್ಲಿ ಅಡ್ಡಟಿಪ್ಪಣಿಗಳು. ಮೂಲ ಎರಡು ಸಾಲು ಇದ್ದು ಟೀಕೆ ಐವತ್ತು ಸಾಲು ಇದ್ದರೂ ಪುಟ ಕೆಡಬಾರದು. ಟೀಕೆಗಳು ಮೂಲವನ್ನು ಸುತ್ತಿಕೊಂಡು ಮೇಲೆ ಕೆಳಗೆ ಹರಿಯುತ್ತವೆ. ಕಂಪ್ಯೂಟರ್ ಇಲ್ಲದೆ ಸೀಸದ ಮೊಳೆಯಲ್ಲಿ ಇದನ್ನು ಜೋಡಿಸಿದರು ಅಂದರೆ ನಂಬಲಾಗದು.

ವೆನಿಸ್‌ನಲ್ಲಿ ದಾನಿಯೆಲ್ ಬೊಂಬರ್ಗ್ 1520ರಿಂದ 1523ರೊಳಗೆ ಪೂರ್ತಿ ತಾಲ್ಮೂದ್ ಅಚ್ಚು ಹಾಕಿದರು. ಆಂಟ್ವರ್ಪ್‌ನಿಂದ ಬಂದ ಕ್ರಿಶ್ಚಿಯನ್ ವ್ಯಾಪಾರಿ ಅವರು. ಅವರ ಹಾಳೆಗಳ ಎಣಿಕೆಯನ್ನೇ ಇಂದಿಗೂ ಎಲ್ಲರೂ ಉಲ್ಲೇಖಕ್ಕೆ ಬಳಸುತ್ತಾರೆ. ವಿಲ್ನಾದ ರೋಮ್ ಮನೆತನದ ಪ್ರೆಸ್ 1880ರ ದಶಕದಲ್ಲಿ ತಂದ ಮುದ್ರಣ ಕೂಡ ಆ ಎಣಿಕೆ ಬದಲಿಸಲಿಲ್ಲ.

ಹೈಫಾದಿಂದ_ಕುಡ್ಲದವಳು
ನಾನು ಡಿಸೈನರ್ ಅಲ್ಲ. ಹೈಫಾದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ, ನಮ್ಮ ಮಂಗಳೂರು ಕಡೆಯವರು ತುಂಬಾ ಜನ ಇಲ್ಲಿ ಇದೇ ಕೆಲಸದಲ್ಲಿದ್ದಾರೆ. ಹೀಬ್ರೂ ಓದಲು ಕಲಿತದ್ದು ಬಸ್ ಬೋರ್ಡು, ಔಷಧಿ ಡಬ್ಬಿ, ಅಜ್ಜಿಯ ಪ್ರಾರ್ಥನೆ ಪುಸ್ತಕದಿಂದ.

ಅಕ್ಷರಪ್ರಿಯ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕಲಿಯುವವರಿಗೆ ದಾಲೆತ್ ಮತ್ತು ರೇಶ್ ನರಕ. ದಾಲೆತ್‌ನ ಮೇಲಿನ ಗೆರೆ ಬಲಗಡೆ ಒಂಚೂರು ಹೊರಗೆ ಚಾಚಿರುತ್ತದೆ, ರೇಶ್‌ನ ಮೂಲೆ ಉರುಟು. ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರದಲ್ಲಿ ಆ ಒಂಚೂರು ಕಾಣಿಸುವುದೇ ಇಲ್ಲ. ಸಾಮೆಖ್ ಮತ್ತು ಕೊನೆಯ ಮೇಮ್ ಕೂಡ ಹಾಗೇ, ಒಂದು ಕೆಳಗೆ ಉರುಟು, ಇನ್ನೊಂದು ಚೌಕ. ಇದರ ಮೇಲೆ ಇಲ್ಲಿ ಪೇಪರ್‌ನಲ್ಲಿ, ಬೋರ್ಡಿನಲ್ಲಿ ಸ್ವರದ ಚುಕ್ಕಿಗಳನ್ನು ಹಾಕುವುದಿಲ್ಲ. ಮಕ್ಕಳ ಪುಸ್ತಕಕ್ಕೆ, ಪದ್ಯಕ್ಕೆ, ಪ್ರಾರ್ಥನೆಗೆ ಮಾತ್ರ ಹಾಕುತ್ತಾರೆ.

ಇನ್ನೊಂದು, ಅಚ್ಚಿನ ಅಕ್ಷರವೇ ಬೇರೆ, ಕೈಬರಹವೇ ಬೇರೆ. ಪೇಪರ್ ಹೆಡ್‌ಲೈನ್ ಓದಲು ಬಂದ ಮೇಲೂ ಅಜ್ಜಿ ಬರೆದ ಸಾಮಾನಿನ ಚೀಟಿ ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಕೈಬರಹದಲ್ಲಿ ಸಾಮೆಖ್ ಬರೀ ಒಂದು ಸೊನ್ನೆ. ಅಜ್ಜಿ ಸಂಜೆ ಹೊತ್ತು ಕೂತು ಒಂದೊಂದೇ ಅಕ್ಷರ ಬರೆಸಿ ಕಲಿಸಿದರು. ಅವರ ಕೈ ನಡುಗುತ್ತದೆ, ಆದರೆ ಲಾಮೆದ್‌ನ ಕುತ್ತಿಗೆ ಮಾತ್ರ ಎಷ್ಟು ಚೆಂದ ಎಳೆಯುತ್ತಾರೆ ಗೊತ್ತಾ.

ಅಕ್ಷರಪ್ರಿಯ
@ಹೈಫಾದಿಂದ_ಕುಡ್ಲದವಳು ಅಕ್ಕಾ, ನೀವು ಬರೆದದ್ದು ಬಹಳ ಮುಖ್ಯ. ದಾಲೆತ್-ರೇಶ್ ಭಯ ನಿಮ್ಮದೊಂದೇ ಅಲ್ಲ, ಶಾಸ್ತ್ರಕ್ಕೂ ಇತ್ತು. ತೋರಾದ ಐದನೇ ಪುಸ್ತಕದಲ್ಲಿ “ದೇವರು ಒಬ್ಬನೇ” ಎಂಬ ಸಾಲಿನ ಕೊನೆಯ ದಾಲೆತ್ ಅನ್ನು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುತ್ತಾರೆ. ಅದು ರೇಶ್ ಆಗಿ ಓದಿಸಿಕೊಂಡರೆ “ಬೇರೆ ದೇವರು” ಎಂದಾಗುತ್ತದೆ. ಎರಡನೇ ಪುಸ್ತಕದಲ್ಲಿ “ಬೇರೆ ದೇವರಿಗೆ ನಮಸ್ಕರಿಸಬೇಡ” ಎಂಬಲ್ಲಿ ರೇಶ್ ದೊಡ್ಡದು. ನನ್ನ ವಾದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಾ?

ರೇಖಾ_ಬರಹ
ಲಿಪಿಕಾರರಲ್ಲಿ ಇನ್ನೂ ಒಂದು ಪದ್ಧತಿ ಇದೆ. ಒಂದು ಅಕ್ಷರ ಸರಿಯಾಗಿ ಬಂದಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಒಂದು ಮಗುವನ್ನು ಕರೆಯುತ್ತಾರೆ. ಅಕ್ಷರ ಗೊತ್ತಿರಬೇಕು, ಆದರೆ ಸಾಲಿನ ಅರ್ಥ ನೋಡಿ ಊಹಿಸುವಷ್ಟು ಜಾಣತನ ಇರಬಾರದು. ಮಗು ದಾಲೆತ್ ಅಂದರೆ ದಾಲೆತ್. ಪಂಡಿತರ ಕಣ್ಣು ತಪ್ಪನ್ನೂ ಸರಿಯಾಗಿಯೇ ಓದಿಬಿಡುತ್ತದೆ ಅನ್ನುವುದು ಅವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು. ನಮ್ಮ ಫಾಂಟ್ ಮಾಡುವವರೂ ಈ ಪರೀಕ್ಷೆ ಮಾಡಬೇಕು.

ತೋರಾ ಸುರುಳಿಯಲ್ಲಿ 3,04,805 ಅಕ್ಷರ. ಎಲ್ಲವೂ ಕೈಬರಹ, ಅಚ್ಚು ಹಾಕಿದ್ದು ಆರಾಧನೆಗೆ ನಡೆಯುವುದಿಲ್ಲ. ಚರ್ಮದ ಹಾಳೆಯ ಮೇಲೆ ಮೊಂಡು ಉಪಕರಣದಿಂದ ಶಾಯಿಯಿಲ್ಲದ ಗೀರು ಎಳೆದು, ಆ ಗೀರಿನಿಂದ ಅಕ್ಷರಗಳನ್ನು ಕೆಳಕ್ಕೆ ಇಳಿಬಿಡುತ್ತಾರೆ. ಗೆರೆಯ ಮೇಲೆ ಕೂರಿಸುವುದಲ್ಲ. ಏಳು ಅಕ್ಷರಗಳ ತಲೆಗೆ ಮೂರು ಮೂರು ಸಣ್ಣ ಕಿರೀಟ. ತಪ್ಪಾದರೆ ಚಾಕುವಿನಿಂದ ಹೆರೆದು ತಿದ್ದಬಹುದು, ದೇವರ ಹೆಸರಿನಲ್ಲಿ ತಪ್ಪಾದರೆ ಮಾತ್ರ ಹೆರೆಯುವಂತಿಲ್ಲ. ಆ ಹಾಳೆಯನ್ನು ಬಳಸದೆ ಗೌರವದಿಂದ ತೆಗೆದಿಡಬೇಕು. ಹಾಗೆ ತೆಗೆದಿಡುವ ಕೋಣೆಗೆ ಗೆನಿಜಾ ಅಂತಾರೆ.

ನೇತ್ರಾವತಿ_ದಂಡೆ
ಗೆನಿಜಾ ಅಂದ ಮೇಲೆ ನಮ್ಮ ಊರಿನ ಕಥೆ ಹೇಳದೆ ಇರಲಾರೆ. ಕೈರೋದ ಹಳೆಯ ಸಿನಗಾಗ್‌ನ ಗೆನಿಜಾದಲ್ಲಿ ಸಿಕ್ಕಿದ ಕಾಗದಗಳಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ವ್ಯಾಪಾರಿಯ ಪತ್ರಗಳಿವೆ. ಟುನಿಷಿಯಾ ಕಡೆಯವರು, 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದರು. ಇಲ್ಲಿ ಹಿತ್ತಾಳೆ-ಕಂಚಿನ ಕಾರ್ಖಾನೆ ಇಟ್ಟಿದ್ದರು. ಆಶು ಎಂಬ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರಲ್ಲಿ ಮಂಗಳೂರಿನಲ್ಲಿ ಬರೆದದ್ದು. ಬೊಮ್ಮ ಎಂಬ ಸೇವಕ ಇವರ ವ್ಯಾಪಾರಕ್ಕೆ ಏಡನ್ ಬಂದರಿಗೆ ಹೋಗಿಬರುತ್ತಿದ್ದ.

ಪತ್ರಗಳ ಮಾತು ಅರಬ್ಬಿ, ಅಕ್ಷರ ಹೀಬ್ರೂ. ಇಲ್ಲಿ ಕಾಗದ ಸಿಗುತ್ತಿರಲಿಲ್ಲ, ಹಾಗಾಗಿ ಏಡನ್‌ನ ಗೆಳೆಯರು ಉಡುಗೊರೆಯಾಗಿ ಕಾಗದ ಕಳಿಸುತ್ತಿದ್ದರು. ಬಂದ ಪತ್ರದ ಹಿಂಬದಿ, ಖಾಲಿ ಜಾಗ ಎಲ್ಲದರಲ್ಲೂ ಬೆನ್ ಯೀಜು ತಮ್ಮ ಲೆಕ್ಕ, ಪದ್ಯ, ಟಿಪ್ಪಣಿ ತುಂಬಿಸಿಟ್ಟಿದ್ದಾರೆ. ಹೀಬ್ರೂ ಕೈಬರಹದ ಚರಿತ್ರೆಯಲ್ಲಿ ನಮ್ಮ ಕರಾವಳಿಗೂ ಜಾಗ ಇದೆ ಅನ್ನುವುದು ನನಗೆ ದೊಡ್ಡ ಸಂತೋಷ.

ಪೆರಿಯಾರ್_ಆಚೆ
ಕೇರಳದ ಚೇಂದಮಂಗಲಂನಲ್ಲಿ ಸಾರಾ ಎಂಬ ಹೆಂಗಸಿನ ಗೋರಿಕಲ್ಲು ಇದೆ, 1269ರದು, ಹೀಬ್ರೂ ಕೆತ್ತನೆ. ಕಲ್ಲಿನಲ್ಲಿ ಕೊರೆದ ಅಕ್ಷರ ನೋಡಬೇಕಾದವರು ಅಲ್ಲಿಗೆ ಹೋಗಿ.

ಕೆಂಪುಬಿಂದು
ಎಲ್ಲಾ ಸರಿ, ಫ್ರಾಂಕ್ ರೂಲ್‌ಗೆ ವಾಪಸ್ ಬನ್ನಿ ಮಾರಾಯ್ರೇ.

ಅದು ಚೆನ್ನಾಗಿದೆ ಅನ್ನುವುದಷ್ಟೇ ಕಾರಣ ಅಲ್ಲ. ಇತಿಹಾಸವೂ ಕಾರಣ. ಬರ್ಲಿನ್‌ನ ಬರ್ತೋಲ್ಡ್ ಕಂಪನಿ ರೂಲ್ ಫೌಂಡ್ರಿಯನ್ನು ಕೊಂಡಿತು, 1924ರಲ್ಲಿ ಹೀಬ್ರೂ ಅಕ್ಷರಗಳದ್ದೇ ಒಂದು ಕ್ಯಾಟಲಾಗ್ ತಂದಿತು. ಆಗ ಹೊಸ ಹೀಬ್ರೂ ಅಕ್ಷರಗಳ ಕೇಂದ್ರ ಜರ್ಮನಿಯೇ. ಆಮೇಲೆ ನಾಜಿಗಳ ಹಾವಳಿ ಶುರುವಾಯಿತು. ಈ ಕೆಲಸದ ಘಟಾನುಘಟಿಗಳೆಲ್ಲ 1930ರ ದಶಕದ ಮೊದಲರ್ಧದಲ್ಲೇ ದೇಶ ಬಿಟ್ಟರು. ನ್ಯೂರೆಂಬರ್ಗ್‌ನ ಕೋರೆನ್, ಬ್ರೆಸ್ಲೌದ ಇಸ್ಮಾರ್ ಡೇವಿಡ್ ಜೆರುಸಲೇಂಗೆ ಹೋದರು. ಹೆನ್ರಿ ಫ್ರೀಡ್ಲೆಂಡರ್ ಹಾಲೆಂಡ್‌ಗೆ ಹೋದರು. ಅಲ್ಲಿಗೂ ನಾಜಿಗಳು ಬಂದಾಗ ಅಡಗಿ ಕೂತು ಬದುಕಿದರು. ಅವರ ಹದಾಸ್ಸಾ ಅಕ್ಷರದ ಕೆಲಸ ಶುರುವಾದದ್ದು 1930ರ ಆಸುಪಾಸು, ಆಮ್ಸ್ಟರ್‌ಡಾಮ್ ಫೌಂಡ್ರಿಯಿಂದ ಹೊರಬಂದದ್ದು 1958ರಲ್ಲಿ. ಡೇವಿಡ್ ಅಕ್ಷರ 1954ರಲ್ಲಿ ಇಂಟರ್‌ಟೈಪ್ ಎಂಬ ಮೊಳೆ ಜೋಡಿಸುವ ಯಂತ್ರಕ್ಕೆ ಬಂತು. ಕೋರೆನ್ ಅಕ್ಷರವನ್ನು ಪ್ಯಾರಿಸ್‌ನ ದೆಬರ್ನಿ ಎ ಪೆನ್ಯೋ ಫೌಂಡ್ರಿಯಲ್ಲಿ ಕೊರೆಸಿದರು.

ಅಂದರೆ ಫ್ರಾಂಕ್ ರೂಲ್‌ಗೆ ಎದುರಾಳಿಗಳು ಇದ್ದರು, ಯುದ್ಧ ಮತ್ತು ಗಡಿಪಾರು ಅವರ ಇಪ್ಪತ್ತು ವರ್ಷ ತಿಂದವು. ಅಷ್ಟರಲ್ಲಿ ಒಂದಿಡೀ ಪೀಳಿಗೆ ಫ್ರಾಂಕ್ ರೂಲ್‌ನಲ್ಲೇ ಓದಲು ಕಲಿತು ಬೆಳೆಯಿತು. ಕಣ್ಣಿಗೆ ಅಭ್ಯಾಸವಾದದ್ದೇ ಚಂದ ಅನ್ನಿಸುತ್ತದೆ.

ಸಂಜೆಮಲ್ಲಿಗೆ
ಎಲ್ಲರೂ ಗಂಡಸರ ಹೆಸರನ್ನೇ ಹೇಳುತ್ತಿದ್ದೀರಿ. ಫ್ರಾಂಜಿಸ್ಕಾ ಬರೂಖ್ ಎಲ್ಲಿ? 1526ರ ಪ್ರಾಗ್ ಹಗ್ಗಾದಾ ಎಂಬ ಯಹೂದಿ ಹಬ್ಬದ ಪುಸ್ತಕದ ಅಕ್ಷರಗಳನ್ನು ನೋಡಿ ನೋಡಿ ಅದರಿಂದ ಸ್ತಾಮ್ ಅಕ್ಷರವನ್ನು ಬರ್ತೋಲ್ಡ್‌ಗೆ ಮಾಡಿಕೊಟ್ಟವರು ಅವರು. 1933ರಲ್ಲಿ ಜೆರುಸಲೇಂಗೆ ಬಂದರು. ಹಾರೆತ್ಸ್ ಪತ್ರಿಕೆಯ ತಲೆಬರಹ, ಇಸ್ರೇಲ್ ಪಾಸ್‌ಪೋರ್ಟ್ ಹೊದಿಕೆ ಅವರ ಕೈಯದು. ಲಕ್ಷಾಂತರ ಜನ ದಿನಾ ನೋಡುವ ಅಕ್ಷರ, ಬರೆದವರ ಹೆಸರು ಹೇಳುವವರು ಎಷ್ಟು ಜನ?

ಕೆಂಪುಬಿಂದು
@ಸಂಜೆಮಲ್ಲಿಗೆ ಒಪ್ಪಿದೆ ಮೇಡಂ. ಸ್ತಾಮ್ ನನಗೆ ಪೋಸ್ಟರ್‌ನಲ್ಲಿ ಇವತ್ತಿಗೂ ಅಚ್ಚುಮೆಚ್ಚು.

ಗೆರೆಕೋನ
ಹೊಸದು ಬೇಕು ಅನ್ನುವವರು ಇಂಗ್ಲೆಂಡಿನ ಕಲಾವಿದ ಎರಿಕ್ ಗಿಲ್ ಮಾಡಿದ ಹೀಬ್ರೂ ಅಕ್ಷರ ನೋಡಿ. 1937ರಲ್ಲಿ ಜೆರುಸಲೇಂನಲ್ಲಿ ಮಾಡಿದ್ದು. ಇಂಗ್ಲಿಷ್ ಜೊತೆ ಒಂದೇ ಬೋರ್ಡಿನಲ್ಲಿ ಹಾಕಿದಾಗ ಎಷ್ಟು ಹೊಂದುತ್ತದೆ! ವಾರ್ಸಾದ ಯಾನ್ ಲೆವಿಟ್ 1929ರಲ್ಲಿ ಮಾಡಿದ ಹೈಮ್ ಕೂಡ ಹಾಗೆ, ಸೆರಿಫ್ (ಗೆರೆಯ ತುದಿಯ ಸಣ್ಣ ಚಾಚು) ಇಲ್ಲದ ದಪ್ಪ ಚೌಕ, ದೂರದಿಂದ ಕೂಗಿ ಕರೆಯುತ್ತದೆ. ಹಳೆಯ ಲೇಖನಿಗೆ ಎಷ್ಟು ದಿನ ಅಂಟಿಕೊಂಡಿರುತ್ತೀರಿ?

ರೇಖಾ_ಬರಹ
@ಗೆರೆಕೋನ ಹೈಮ್ ಒಪ್ಪುತ್ತೇನೆ, ಅದರಲ್ಲಿ ಎಲ್ಲ ಗೆರೆಯೂ ದಪ್ಪ, ಸುಳ್ಳಿಲ್ಲ. ಗಿಲ್ ಮಾಡಿದ್ದು ಬೇರೆ. ಇಂಗ್ಲಿಷಿನ ಹಾಗೆ ನಿಂತ ಗೆರೆಗೆ ಭಾರ ಹಾಕಿದರು, ಇಂಗ್ಲಿಷ್ ಸೆರಿಫ್ ತಂದು ಅಂಟಿಸಿದರು. ಹೀಬ್ರೂ ಓದುವ ಕಣ್ಣು ಸಾಲಿನ ಉದ್ದಕ್ಕೂ ಮಲಗಿದ ಗೆರೆ ಹಿಡಿದು ಹೋಗುತ್ತದೆ. ಅದನ್ನೇ ಕಿತ್ತರೆ ಹೇಗೆ? ಗಿಲ್ ದೊಡ್ಡ ಕಲಾವಿದರು, ಆದರೆ ಈ ಲಿಪಿಗೆ ಅತಿಥಿ. ಡೇವಿಡ್ ಅಕ್ಷರ ನೋಡಿ, ಅದೂ ಹೊಸದೇ, ತೆಳು ದಪ್ಪದ ವ್ಯತ್ಯಾಸ ಕಡಿಮೆಯೇ, ಆದರೆ ಲೇಖನಿ ಹಿಡಿದ ಕೈ ಅದರಲ್ಲಿ ಕಾಣುತ್ತದೆ.

ಗೆರೆಕೋನ
ಅತಿಥಿ ಅನ್ನುವ ಮಾತು ಸರಿಯಲ್ಲ. ಹೊರಗಿನವರೇ ಹೀಬ್ರೂಗೆ ಒಳ್ಳೆಯ ಅಕ್ಷರ ಕೊಟ್ಟದ್ದು ಜಾಸ್ತಿ. ಲ ಬೆ ಯಹೂದಿಯಾ? ಇಟಲಿಯ ಮುದ್ರಕರಾದ ಸೊನ್ಸಿನೊ ಮನೆತನದ ಗೆರ್ಶೊಮ್‌ಗೆ ಹೀಬ್ರೂ ಮೊಳೆ ಕೊರೆದುಕೊಟ್ಟ ಫ್ರಾಂಚೆಸ್ಕೊ ಗ್ರಿಫೊ ಯಹೂದಿಯಾ?

ರೇಖಾ_ಬರಹ
ಅಲ್ಲ. ಆದರೆ ಅವರಿಬ್ಬರೂ ಹೀಬ್ರೂ ಲಿಪಿಕಾರರ ಅಕ್ಷರವನ್ನು ಮುಂದಿಟ್ಟುಕೊಂಡು ಕೊರೆದರು. ಹುಟ್ಟು ನನ್ನ ಪ್ರಶ್ನೆಯೇ ಅಲ್ಲ, ಯಾರ ಕೈ ನೋಡಿ ಬರೆದರು ಅನ್ನುವುದು ಪ್ರಶ್ನೆ.

ತಲೆಕಟ್ಟು
ಈ ಜಗಳ ನಮ್ಮ ಮನೆಯದೂ ಹೌದು. ಕನ್ನಡದಲ್ಲಿ ದ, ಧ, ಥ ನೋಡಿ. ಪ, ಷ, ಫ ನೋಡಿ. ಮೊಬೈಲ್‌ನಲ್ಲಿ ಸಣ್ಣದಾಗಿ ಬಂದಾಗ ಧ ಕೆಳಗಿನ ಸೀಳು ಮುಚ್ಚಿಹೋಗುತ್ತದೆ. ಇಂಗ್ಲಿಷ್ ಫಾಂಟಿನ ಗೆರೆಯ ದಪ್ಪ ಅಳೆದು ಅದನ್ನೇ ಕನ್ನಡಕ್ಕೆ ಹಾಕಿ “ಎರಡೂ ಒಂದೇ ಕುಟುಂಬ” ಅನ್ನುವವರಿದ್ದಾರೆ. ಆ ಅಳತೆಯಲ್ಲಿ ಒತ್ತಕ್ಷರ ಉಸಿರುಗಟ್ಟುತ್ತದೆ. ರೇಖಾ ಅವರ ಮಾತನ್ನು ನಮ್ಮ ಫಾಂಟ್ ಮಾಡುವವರೂ ಕಿವಿಗೆ ಹಾಕಿಕೊಳ್ಳಲಿ.

ಸಂಕೇತಲಿಪಿ
ತಾಂತ್ರಿಕ ಕಷ್ಟವೂ ಒಂದೇ ಥರ. ಬೈಬಲ್ ಅಚ್ಚು ಹಾಕುವಾಗ ಒಂದೇ ಅಕ್ಷರಕ್ಕೆ ಸ್ವರದ ಚುಕ್ಕಿ, ರಾಗದ ಗುರುತು ಎಲ್ಲಾ ಬರುತ್ತವೆ. ತಿಬೇರಿಯಸ್ ಊರಿನ ಪಂಡಿತರು ಸಾವಿರ ವರ್ಷದ ಹಿಂದೆ ರೂಪಿಸಿದ ಪದ್ಧತಿ ಇದು. ಯೂನಿಕೋಡ್‌ನಲ್ಲಿ ಅಂದರೆ ಕಂಪ್ಯೂಟರ್‌ಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ಈ ಚುಕ್ಕಿಗಳಿಗೆ ಕೊಟ್ಟ ಕ್ರಮಸಂಖ್ಯೆ ಸರಿಯಿಲ್ಲ. ಬೈಬಲ್‌ನಲ್ಲಿ ಜೆರುಸಲೇಂ ಹೆಸರಿನ ಲಾಮೆದ್‌ಗೆ ಎರಡು ಸ್ವರ ಬರುತ್ತವೆ, ಕಂಪ್ಯೂಟರ್ ಅವುಗಳ ಕ್ರಮವನ್ನು ತಾನೇ ತಿರುಗಿಸಿಬಿಡುತ್ತದೆ. ಒಮ್ಮೆ ನಿಗದಿಯಾದ ಸಂಖ್ಯೆ ಬದಲಿಸುವಂತಿಲ್ಲ ಅನ್ನುವುದು ಯೂನಿಕೋಡ್ ನಿಯಮ. ಹಾಗಾಗಿ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಗುರುತು ಹಾಕಬೇಕು. ನಾವು ರ್‍ಯಾಂಕ್ ಅಂತ ಬರೆಯಲು ಕಾಣದ ಗುರುತು ಹಾಕುವುದಿಲ್ಲವಾ, ಅದೇ ಪಾಡು.

ಇನ್ನೊಂದು ಸ್ವಾರಸ್ಯ. ಹೀಬ್ರೂನಲ್ಲಿ ಸಾಲಿನ ಕೊನೆಗೆ ಪದ ಮುರಿಯುವ ರೂಢಿ ಇಲ್ಲ. ಸಾಲು ತುಂಬದಿದ್ದರೆ ಹಳೆಯ ಲಿಪಿಕಾರರು ಕೆಲವು ಅಕ್ಷರಗಳನ್ನು ಅಡ್ಡಕ್ಕೆ ಎಳೆದು ಉದ್ದ ಮಾಡುತ್ತಿದ್ದರು. ಅಂಥ ಎಂಟು ಅಗಲದ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ.

ಓಂಬೀಚ್_ಗೋಕರ್ಣ
ನಮ್ಮ ಗೋಕರ್ಣದಲ್ಲಿ ಇಸ್ರೇಲಿಗರು ಬಹಳ ಬರುತ್ತಾರೆ, ಹೋಟೆಲ್ ಬೋರ್ಡುಗಳಲ್ಲಿ ಹೀಬ್ರೂ ಇರುತ್ತದೆ. ಒಂದು ಪ್ರೆಸ್‌ನಲ್ಲಿ ಮೆನು ಮಾಡಿಸಿದೆವು. ಸಾಫ್ಟ್‌ವೇರ್ ಬಲದಿಂದ ಎಡಕ್ಕೆ ಬರೆಯುವುದನ್ನು ತಿಳಿಯದೆ ಪೂರ್ತಿ ಉಲ್ಟಾ ಜೋಡಿಸಿತ್ತು, ಕೊನೆಯ ಅಕ್ಷರ ಮೊದಲು. ಅಂಕಿ ಮಾತ್ರ ಎಡದಿಂದ ಬಲಕ್ಕೇ ಇರಬೇಕು, ಅದೂ ತಿರುಗಿ 120 ರೂಪಾಯಿ 021 ಆಗಿತ್ತು. ಹೀಬ್ರೂ ಕೆಲಸ ಕೊಡುವವರು ಅಚ್ಚಿಗೆ ಹೋಗುವ ಮೊದಲು ಓದಬಲ್ಲ ಒಬ್ಬರಿಗೆ ತೋರಿಸಿಯೇ ತೋರಿಸಿ.

ಅಕ್ಷರಪ್ರಿಯ
ಕೆಂಪುಬಿಂದು ಅವರ ಇತಿಹಾಸದ ವಾದ ಗಟ್ಟಿ ಇದೆ, ತಳ್ಳಿಹಾಕುವುದಿಲ್ಲ. ಆದರೂ ನನ್ನ ಪ್ರಶ್ನೆ ಉಳಿದೇ ಇದೆ. ಕೋರೆನ್ ಮುಂದೆ ಇದ್ದದ್ದೂ ಅದೇ ಲಿಪಿ, ಅದೇ ಕಾಲ. ಹೋಲುವ ಅಕ್ಷರಗಳು ಬೇರೆ ಬೇರೆ ಕಾಣಲಿ ಅಂತ ಅವರು ಒಂದೊಂದರ ಮೂಲೆಗೂ ದುಡಿದರು. ಜೆರುಸಲೇಂ ನಗರದ ಸಿಂಹ ಲಾಂಛನ ಮಾಡಿದ ಕೈ ಅದು, ಅಂದ ಅವರಿಗೂ ಗೊತ್ತಿತ್ತು. ಅಂದ ಮತ್ತು ಸ್ಪಷ್ಟತೆ ಎರಡೂ ಒಟ್ಟಿಗೆ ಆಗುತ್ತದೆ ಅಂತ ತೋರಿಸಿಕೊಟ್ಟ ಮೇಲೂ ಪ್ರಕಾಶಕರು ಹಳೆಯದನ್ನೇ ಹಿಡಿದದ್ದು ನನಗೆ ಬೇಸರ.

ಮೊಳೆಜೋಡಣೆ
ಕೋರೆನ್ ಅಕ್ಷರ ಬೈಬಲ್‌ಗೆ ಅಂತ ಮಾಡಿದ್ದು, ಚುಕ್ಕಿ ಗುರುತು ಎಲ್ಲ ಸೇರಿ ಗಂಭೀರವಾಗಿ ನಿಲ್ಲಬೇಕು. ಮುನ್ನೂರು ಪುಟದ ಕಾದಂಬರಿಗೆ ಅದನ್ನು ಹಾಕಿದರೆ ಪ್ರತಿ ಸಾಲೂ ಪ್ರಾರ್ಥನೆಯಂತೆ ಕೇಳಿಸುತ್ತದೆ. ಅಕ್ಷರಕ್ಕೂ ದನಿ ಇದೆ. ಫ್ರಾಂಕ್ ರೂಲ್ ದನಿ ಕಥೆ ಹೇಳುವವರದು.

ಯಾನೆಕ್ ಯೊಂತೆಫ್ ಮಾಡಿದ ಫ್ರಾಂಕ್ ರೂಲ್ ಲಿಬ್ರೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಒಂದು ಪುಟ ಚುಕ್ಕಿಯಿಲ್ಲದೆ, ಹತ್ತು ಪಾಯಿಂಟ್‌ನಲ್ಲಿ ಜೋಡಿಸಿ ಪ್ರಿಂಟ್ ತೆಗೆಯಿರಿ. ಪರದೆಯ ಮೇಲೆ ದೊಡ್ಡದು ಮಾಡಿ ಅಳೆಯಬೇಡಿ.

ಹೈಫಾದಿಂದ_ಕುಡ್ಲದವಳು
ಆ ಪ್ರಿಂಟನ್ನು ಇಲ್ಲಿ ಹಾಕಿ, ಹೆಸರು ಹೇಳದೆ, ಕೋರೆನ್, ಡೇವಿಡ್, ಹದಾಸ್ಸಾ ಜೊತೆ. ಅಜ್ಜಿಗೂ, ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿಗೂ ಓದಿಸುತ್ತೇನೆ. ದಾಲೆತ್ ಎಲ್ಲಿ ತಪ್ಪುತ್ತಾರೆ ನೋಡೋಣ.

ಅಕ್ಷರಪ್ರಿಯ
ಭಾನುವಾರ ಹಾಕುತ್ತೇನೆ ಅಕ್ಕಾ. ನಾಲ್ಕೂ ಒಂದೇ ಪಠ್ಯ, ಒಂದೇ ಅಳತೆ.